ಮಿಷನರಿ ಉಪಾಧ್ಯಾಯರ ಬಾಳುವೆ

ಬೆಂಗಳೂರಿನಿಂದ ವಾಯವ್ಯ ದಿಕ್ಕಿಗೆ ಹೊರಟ ಹೆದ್ದಾರಿಯು ಪೀಣ್ಯದ ಕಾರ್ಖಾನೆಗಳ ನಡುವೆ ಹಾಯ್ದು ತುಮಕೂರನ್ನು ಸೇರುತ್ತದೆ. ಅಲ್ಲಿಂದ ಮುಂದೆ ಗುಬ್ಬಿ ಎಂಬ ಊರು. ವರ್ತಕರ ಊರೆಂದು ಹಿಂದಿನಿಂದಲೂ ಹೆಸರಾದ ಈ ಗುಬ್ಬಿಯಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ಇಂಗ್ಲಿಷ್ ಪಾದ್ರಿಗಳು ವೆಸ್ಲಿಯನ್ ಮಿಷನಿನ ಪರವಾಗಿ ಬಂದು ನೆಲಸಿದರು. ಎರಡು ವರ್ಷಗಳ ತರುವಾಯ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ತರುಣರು ಐರ್ಲೆಂಡಿನಿಂದ ಬಂದು ಅವರನ್ನು ಕೂಡಿಕೊಂಡರು. ಇವರು ಕನ್ನಡವನ್ನು ಕಲಿತು ಜನರೊಡನೆ ಮಾತಾಡುವಷ್ಟಾಗುವ ಹೊತ್ತಿಗೆ ಕಣ್ಣಿನ ಬೇನೆ ಹೆಚ್ಚಿ 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ತಮ್ಮ ಅನುಭವವನ್ನು ಅವರು 1847ರಲ್ಲಿ ಒಂದು ಗ್ರಂಥವಾಗಿ ಅಚ್ಚು ಹಾಕಿಸಿದರು. ಇತ್ತ ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡ್ ಇದೆ. ಚಾಮರಾಜ ಒಡೆಯರವರು ನೀಡಿದ ಭೂಮಿಯಲ್ಲಿ 1882ರಲ್ಲಿ ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರಿಗಾಗಿ ಏರ್ಪಟ್ಟ ಪಾಳೆಯವದು. ಇಂದು ಅದೇ ವೈಟ್‌ಫೀಲ್ಡಿನ ಕಚೇರಿಗಳಿಂದ ನಮ್ಮ ಯುವಕರು ದುಡಿಮೆಗಾಗಿ ಕಡಲಾಚೆಗೆ ಹೋಗಿ ಬರುತ್ತಿದ್ದಾರೆ. ಒಂದು ಬಾರಿ ಹೋಗಿ ಬರುವುದಕ್ಕೆ ಅವರಿಗೆ ಎರಡು ದಿನ ಸಾಕು. ನಾನು ಇಂದು ಹೇಳಹೊರಟಿರುವುದು ಎದುರು ದಿಕ್ಕಿನಿಂದ, ಇದಕ್ಕಿಂತ ಬಹಳ ನಿಧಾನವಾಗಿ ಬಂದವರ ವಿಚಾರ.

ಕ್ರೈಸ್ತ ಮಿಷನರಿಗಳನ್ನು ನಾವು ಸಾಮಾನ್ಯವಾಗಿ ಎರಡೇ ಕಾರಣಗಳಿಗಾಗಿ ನೆನೆಯುತ್ತೇವೆ. ಕನ್ನಡಿಗರಲ್ಲಿ ಕೆಲವರು ಅವರ ನಿಘಂಟು, ವ್ಯಾಕರಣ, ಮುದ್ರಣಗಳನ್ನು ನೆನೆದು ಕೈಮುಗಿಯುತ್ತಾರೆ. ಇನ್ನು ಕೆಲವರು ಮತಾಂತರವನ್ನು ನೆನೆದು ಮುಖ ತಿರುಗಿಸುತ್ತಾರೆ. ಈ ಎರಡರ ನಡುವೆ ಅವರಿಗೆ ದಿನದಿನದ ಒಂದು ಬಾಳುವೆಯೂ ಇದ್ದಿತು. ಬೆಳಗಾಗೆದ್ದು ಹುಡುಗರಿಗೆ ಅಕ್ಷರ ಹೇಳಬೇಕು. ಅರ್ಥವಾಗದ ಮಾತನ್ನು ಅರ್ಥಮಾಡಿಕೊಳ್ಳಬೇಕು. ಜ್ವರ ಬಂದಾಗ ಮಲಗಬೇಕು. ಊರಿನಿಂದ ಕಾಗದ ಬರುವುದನ್ನು ತಿಂಗಳುಗಟ್ಟಲೆ ಎದುರುನೋಡಬೇಕು. ಆ ಬಾಳುವೆಯನ್ನು ತಿಳಿಯದೆ ಅವರ ಗ್ರಂಥಗಳ ಬೆಲೆಯಾಗಲಿ ಅವರ ಪ್ರಚಾರದ ಪರಿಣಾಮವಾಗಲಿ ಸರಿಯಾಗಿ ತಿಳಿಯಲಾರದು. ಇದಕ್ಕೆ ಮುಖ್ಯ ನಿದರ್ಶನವಾಗಿ ಮಂಗಳೂರಿನ ಬಾಸೆಲ್ ಮಿಷನಿನ ಉಪಾಧ್ಯಾಯರನ್ನು, ಅವರಲ್ಲಿಯೂ ಹರ್ಮನ್ ಮೋಗ್ಲಿಂಗ್ ಅವರನ್ನು ತೆಗೆದುಕೊಳ್ಳುತ್ತೇನೆ.

ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಈ ಮಿಷನ್ ಸ್ಥಾಪಿತವಾದುದು 1815ರಲ್ಲಿ. ಕಂಪನಿ ಸರ್ಕಾರದ ಸನ್ನದು 1833ರಲ್ಲಿ ಮಾರ್ಪಟ್ಟ ಮೇಲೆ ಇಂಗ್ಲಿಷರಲ್ಲದ ಮಿಷನರಿಗಳಿಗೂ ಹಿಂದೂದೇಶದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕ ಖಂಡವನ್ನು ಬಳಸಿ ಬರುವ ಹಡಗಿಗೆ ನಾಲ್ಕೈದು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಬಂದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕೈಕಸಬಿನವರ ಮಕ್ಕಳು. ಭಕ್ತಿಯಲ್ಲಿ ಬೆಳೆದವರು, ಕಷ್ಟಕ್ಕೆ ಪಳಗಿದವರು. ಮೋಗ್ಲಿಂಗ್ ಅವರು ಮಾತ್ರ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. 1811ರಲ್ಲಿ ಹುಟ್ಟಿದ ಅವರು 1836ರ ಕೊನೆಯಲ್ಲಿ ಮಂಗಳೂರನ್ನು ಮುಟ್ಟಿದಾಗ ಅವರಿಗೆ ಇಪ್ಪತ್ತೈದು ವರ್ಷ. ಸ್ವದೇಶದಲ್ಲಿದ್ದಿದ್ದರೆ ಒಂದು ಊರಿನ ಗುರುಗಳಾಗಿ ಗೌರವದಿಂದ ಬಾಳಬಹುದಾಗಿದ್ದವರು ಇಲ್ಲಿ ಭಾಷೆ ಬಾರದ ಬಾಲಕರಂತೆ ಮೊದಲಿನಿಂದ ಆರಂಭಿಸಬೇಕಾಯಿತು.

ಮೊದಲಿನ ಕೆಲಸ ಭಾಷೆಯನ್ನು ಕಲಿಯುವುದು. ಮಂಗಳೂರಿನಲ್ಲಿ ಬೀದಿಯ ಮಾತು ತುಳು, ಕೆಲವು ಮನೆಗಳ ಮಾತು ಕೊಂಕಣಿ, ಓದುಬರಹಕ್ಕೂ ಕಚೇರಿಯ ವ್ಯವಹಾರಕ್ಕೂ ಕನ್ನಡ, ಮೇಲಧಿಕಾರಿಗಳೊಡನೆ ಇಂಗ್ಲಿಷು. ಜರ್ಮನ್ ಮಾತೃಭಾಷೆಯಾದವನಿಗೆ ಇವು ಎಲ್ಲವೂ ಹೊಸವು. ದಿನಕ್ಕೆ ಹಲವು ಗಂಟೆ ಮುನ್ಷಿಯ ಎದುರಿಗೆ ಕುಳಿತು ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ತಿದ್ದಬೇಕಾಗಿತ್ತು. ರೀವ್ ಎಂಬ ಮಿಷನರಿಯು 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನೂ ಹೊರತಂದಿದ್ದುದರಿಂದ ಹೊಸಬರಿಗೆ ಒಂದು ಊರುಗೋಲು ದೊರೆತಿದ್ದಿತು. ಆದರೆ ಕೋಶದ ಮಾತು ಬೇರೆ, ಸಂತೆಯ ಮಾತು ಬೇರೆ. ಪಂಡಿತರು ಹೇಳಿಕೊಟ್ಟ ಹಳಗನ್ನಡದ ಮಾತನ್ನು ಮೀನುಗಾರನ ಮುಂದೆ ಆಡಿದರೆ ಅವನಿಗೆ ಅದೂ ಪರದೇಶದ ಭಾಷೆಯೇ. ಹೀಗೆ, ಕಲಿಸುವುದಕ್ಕೆಂದು ಬಂದವನು ಮೊದಲು ಶಿಷ್ಯನಾದನು. ಮಿಷನರಿಯ ದಿನಚರಿಯಲ್ಲಿ ಅವನು ಈ ದೇಶದವನೊಬ್ಬನ ಎದುರಿಗೆ ತಗ್ಗಿ ಕುಳಿತುಕೊಳ್ಳುತ್ತಿದ್ದ ಹೊತ್ತು ಇದೊಂದೇ ಎಂದರೂ ಸಲ್ಲುತ್ತದೆ. ಅವನ ಗರ್ವವನ್ನು ಯಾರಾದರೂ ಇಳಿಸಿದ್ದರೆ ಅದು ಮುನ್ಷಿಯೇ ಸರಿ. ಆ ಮುನ್ಷಿಗಳ ಹೆಸರುಗಳು ಮಾತ್ರ ಬಹುಮಟ್ಟಿಗೆ ನಮಗೆ ಉಳಿಯದೆ ಹೋದುವು.

ಇನ್ನು ಶಾಲೆಯ ಮಾತು. ಆಗ ನಮ್ಮ ಊರುಗಳಲ್ಲಿ ಕೂಲಿಮಠಗಳಿದ್ದುವು. ಐಗಳು ಜಗಲಿಯ ಮೇಲೆ ಕುಳಿತು ಹುಡುಗರಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಬಲಿತ ಹುಡುಗರು ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮಿಷನ್ ಶಾಲೆಯು ಇದಕ್ಕಿಂತ ಬೇರೆಯಾದ ಕ್ರಮವನ್ನು ತಂದಿತು. ಗಂಟೆಗೆ ಸರಿಯಾಗಿ ಆರಂಭ, ತರಗತಿಗಳ ವಿಂಗಡಣೆ, ಅಚ್ಚಾದ ಪುಸ್ತಕ, ಭೂಗೋಳದ ಪಟ, ಮೊದಲಲ್ಲಿ ಪ್ರಾರ್ಥನೆ ಮತ್ತು ಬೈಬಲ್ ಪಾಠ. ಮಂಗಳೂರಿನ ಗೃಹಸ್ಥರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಿದುದು ಬೈಬಲ್ ಪಾಠಕ್ಕಾಗಿಯಲ್ಲ, ಇಂಗ್ಲಿಷಿಗಾಗಿ. ಇಂಗ್ಲಿಷ್ ಬಂದರೆ ಕಚೇರಿಯಲ್ಲಿ ಗುಮಾಸ್ತಗಿರಿ, ಮುಂದೆ ಶಿರಸ್ತೇದಾರಿ. ಉಪಾಧ್ಯಾಯನಾದರೋ ಇಂಗ್ಲಿಷನ್ನು ಕಲಿಸಲೊಪ್ಪಿದ್ದು ಬೈಬಲಿಗಾಗಿ. ಒಂದೇ ಕೋಣೆಯಲ್ಲಿ ಕುಳಿತ ಗುರು ಶಿಷ್ಯರ ಉದ್ದೇಶಗಳು ಹೀಗೆ ಬೇರೆಬೇರೆಯಾಗಿದ್ದುವು. ಇಬ್ಬರಿಗೂ ಅದು ತಿಳಿದೇ ಇದ್ದಿತು. ತಿಳಿದೂ ಶಾಲೆ ನಡೆಯಿತು. ಎಲ್ಲ ಜಾತಿಯ ಹುಡುಗರಿಗೂ ಪ್ರವೇಶವೆಂಬ ನಿಯಮವಿದ್ದುದರಿಂದ, ಅಸ್ಪೃಶ್ಯರೆನಿಸಿಕೊಂಡವರ ಮನೆಯ ಹುಡುಗನೊಬ್ಬನು ಒಳಗೆ ಬಂದ ದಿನ ಇತರರು ಹೊರಗೆ ನಡೆಯುವುದು ಆ ಕಾಲದ ಅನೇಕ ಮಿಷನ್ ಶಾಲೆಗಳ ಅನುಭವವಾಗಿದ್ದಿತು.

ಕಲೆಕ್ಟರ್ ಬ್ಲೇರ್ ಅವರು 1840ರಲ್ಲಿ ಬಲ್ಮಠದ ಗುಡ್ಡದ ಮೇಲಿನ ಸ್ಥಳವನ್ನು ಮಿಷನಿಗೆ ಕೊಟ್ಟರು. ಇಂದು ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇರುವುದು ಅಲ್ಲಿಯೇ. ಮೋಗ್ಲಿಂಗ್ ಅವರು ತಮ್ಮ ವಿದ್ಯಾರ್ಥಿಗಳೊಡನೆ ಒಂದೇ ಸೂರಿನಡಿಯಲ್ಲಿ ವಾಸಮಾಡಿ, ನೆಲದ ಮೇಲೆ ಕುಳಿತು, ಅವರ ಊಟವನ್ನೇ ತಾವೂ ಉಂಡರು. ಸಾಹೇಬನೆಂದರೆ ಬಂಗಲೆ, ಬಟ್ಲರ್, ಪಲ್ಲಕ್ಕಿಗಳೊಡನೆ ಇರತಕ್ಕವನು ಎಂದು ತಿಳಿದಿದ್ದ ಆ ಕಾಲದಲ್ಲಿ ಇದು ಇತರ ಐರೋಪ್ಯರಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಲ್ಲ. ಇದು ಕೇವಲ ಮಿತವ್ಯಯವಾಗಿರಲಿಲ್ಲ. ಮಿಷನಿನವರು ಕೊಡುತ್ತಿದ್ದುದು ಸಂಬಳವೆನ್ನುವುದಕ್ಕಿಂತ ಜೀವನಾಂಶವೆನ್ನಬಹುದಾದ ಮೊತ್ತ. ಅದನ್ನೂ ಇನ್ನಷ್ಟು ಇಳಿಸಿಕೊಂಡು ಜನರಂತೆ ಬಾಳಿದರೆ ಮಾತ್ರ ಜನರ ನಡುವೆ ಬಾಯಿ ತೆರೆಯುವ ಹಕ್ಕು ಬರುತ್ತದೆಂದು ಅವರು ನಂಬಿದ್ದರು. ಈ ನಂಬಿಕೆ ಎಲ್ಲ ಸಹೋದ್ಯೋಗಿಗಳಿಗೂ ರುಚಿಸಲಿಲ್ಲ. ಆದರೆ ಹುಡುಗರ ಮೇಲೆ ಅದರ ಪರಿಣಾಮ ಸಾಮಾನ್ಯವಾಗಿರಲಿಲ್ಲವೆಂಬುದನ್ನು ಮುಂದೆ ನಡೆದ ಸಂಗತಿಯೇ ತೋರಿಸಿತು.

ಶಾಲೆಯ ವಿದ್ಯಾರ್ಥಿಗಳಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರಿದ್ದರು. 1844ರ ಜನವರಿಯಲ್ಲಿ ಅವರೂ ಇನ್ನಿಬ್ಬರೂ ಕ್ರೈಸ್ತಮತವನ್ನು ಸ್ವೀಕರಿಸಿದರು. ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಕೂಡಿಸಿಕೊಂಡು ಅವರು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರಿನಲ್ಲಿ ಕ್ಷೋಭೆಯುಂಟಾಯಿತು. ಮನೆಯವರ ದುಃಖವನ್ನು ಊಹಿಸಿಕೊಳ್ಳಬಹುದು. ಮಗನು ಬದುಕಿದ್ದೂ ಅವರ ಪಾಲಿಗೆ ಇಲ್ಲದವನಾದನು. ಪತ್ನಿ ಅವರನ್ನು ಅನುಸರಿಸಲಿಲ್ಲ. ಗುರುವಿಗೆ ಅದು ತನ್ನ ಬಾಳಿನ ಸಾರ್ಥಕತೆಯ ದಿನ, ತಾಯಿಗೆ ಅದು ಮಗನನ್ನು ಕಳೆದುಕೊಂಡ ದಿನ. ಚರಿತ್ರಕಾರನು ಇವೆರಡರಲ್ಲಿ ಒಂದನ್ನು ಮಾತ್ರ ಬರೆದು ಇನ್ನೊಂದನ್ನು ಬಿಟ್ಟರೆ ಅರ್ಧ ಸತ್ಯವನ್ನು ಬರೆದಂತಾಗುತ್ತದೆ. ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗ್ ಅವರೊಡನೆ ಬಾಸೆಲಿಗೆ ಹೋಗಿ ಐದು ವರ್ಷ ಓದಿ, 1851ರಲ್ಲಿ ದೀಕ್ಷೆಯನ್ನು ಪಡೆದು ಮಂಗಳೂರಿಗೆ ಮರಳಿ ಅಲ್ಲಿಯ ಉಪದೇಶಿಗಳ ಶಾಲೆಯಲ್ಲಿ ಉಪಾಧ್ಯಾಯರಾದರು. ಪರದೇಶವಾಸದ ಮಾತು ಬಂದಾಗ ನಾವು ಐರೋಪ್ಯರನ್ನೇ ಎಣಿಸುತ್ತೇವೆ. ಹಿಮ ಬೀಳುವ ಬಾಸೆಲಿನಲ್ಲಿ ಐದು ಚಳಿಗಾಲಗಳನ್ನು ಕಳೆದು, ತಮ್ಮ ಹುಟ್ಟೂರಿಗೆ ಬಂದರೂ ತಮ್ಮ ಮನೆಯ ಹೊಸ್ತಿಲನ್ನು ದಾಟಲಾಗದೆ, ಅದೇ ಊರಿನಲ್ಲಿ ಪಾಠ ಹೇಳಿಕೊಂಡು ಬಾಳಿದ ಕೌಂಡಿನ್ಯರೂ ಪರದೇಶವಾಸಿಗಳೇ ಅಲ್ಲವೇ?

ಮತವನ್ನು ಬದಲಾಯಿಸಿದವನಿಗೆ ಮನೆಯೊಡನೆ ಕಸಬೂ ಹೋಗುತ್ತಿತ್ತು. ಆದಕಾರಣ ಉಪಾಧ್ಯಾಯನು ಅಕ್ಷರವನ್ನು ಕಲಿಸಿದರೆ ಸಾಲದೆ ಅನ್ನದ ಮಾರ್ಗವನ್ನೂ ತೋರಿಸಬೇಕಾಯಿತು. ಪುಸ್ತಕ ಕಟ್ಟುವುದು, ಅಚ್ಚಿನ ಕೆಲಸ, ನೇಯ್ಗೆ, ಕೊನೆಗೆ 1865ರಲ್ಲಿ ಪ್ಲೆಬ್‌ಸ್ಟ್ ಅವರ ಹೆಂಚಿನ ಕಾರ್ಖಾನೆ ಹುಟ್ಟಿದುದು ಈ ಅಗತ್ಯದಿಂದ. ಕರಾವಳಿಯಿಂದ ಘಟ್ಟ ಹತ್ತಿ ಬಂದು ನಮ್ಮ ಬೆಂಗಳೂರು ಮೈಸೂರುಗಳ ಮನೆಗಳ ಮೇಲೆ ಕೆಂಪಗೆ ಹರಡಿಕೊಂಡ ಮಂಗಳೂರು ಹೆಂಚಿನ ಮೂಲದಲ್ಲಿ ಜಾತಿಯಿಂದ ಹೊರಬಿದ್ದವನ ಹಸಿವಿನ ಪ್ರಶ್ನೆ ಇದೆಯೆಂಬುದು ಅನೇಕರಿಗೆ ತಿಳಿದಿರಲಾರದು.

ಶಾಲೆಗೆ ಪುಸ್ತಕ ಬೇಕು; ಪುಸ್ತಕಕ್ಕೆ ಅಚ್ಚುಕೂಟ ಬೇಕು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಏರ್ಪಟ್ಟಿತು. 1843ರ ಜುಲೈ 1ನೆಯ ತಾರೀಖು ಅಲ್ಲಿಂದ ‘ಮಂಗಳೂರ ಸಮಾಚಾರ’ ಹೊರಬಿದ್ದಿತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಮನ್ನಣೆ ಪಡೆದ ಇದರ ಸಂಪಾದಕರು ಮೋಗ್ಲಿಂಗ್ ಅವರೇ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಹಗಲೆಲ್ಲ ಪಾಠ ಹೇಳುವವನೇ ಸುದ್ದಿಯನ್ನು ಕೂಡಿಹಾಕಬೇಕು, ತರ್ಜುಮೆ ಮಾಡಬೇಕು, ಕರಡನ್ನು ತಿದ್ದಬೇಕು. ಕೆಲವು ವರ್ಷಗಳ ಮೇಲೆ, ನೀಲಗಿರಿಯಲ್ಲಿ ನೆಲಸಿದ್ದ ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿಗಳ ಧನಸಹಾಯದಿಂದ ಕನ್ನಡ ಕಾವ್ಯಗಳ ಒಂದು ಮಾಲೆಯನ್ನೇ ಮೋಗ್ಲಿಂಗ್ ಅಚ್ಚು ಹಾಕಿಸಿದರು. 1848ರಿಂದ 1853ರ ವರೆಗಿನ ಅವಧಿಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ತೊರವೆ ರಾಮಾಯಣ ಮೊದಲಾದುವು ಬೆಳಕು ಕಂಡುವು; 1850ರಲ್ಲಿ ದಾಸರ ಪದಗಳು ಹೊರಬಂದುವು. ವೈಷ್ಣವ ದಾಸರ ಹಾಡುಗಳನ್ನೂ ವೀರಶೈವ ಪುರಾಣವನ್ನೂ ಕ್ರೈಸ್ತ ಪಾದ್ರಿಯೊಬ್ಬರು ಕೂಡಿಸಿ ಮುದ್ರಿಸಿದುದು ವಿಚಿತ್ರವಾಗಿ ತೋರಬಹುದು. ಜನರ ಮನಸ್ಸನ್ನು ಅರಿಯಬೇಕಾದರೆ ಜನರು ಹಾಡುವುದನ್ನು ಅರಿಯಬೇಕೆಂಬುದು ಅವರ ಮೊದಲಿನ ಉದ್ದೇಶ. ಆದರೆ ವರ್ಷಗಟ್ಟಲೆ ಒಂದು ಕಾವ್ಯದೊಡನೆ ಬಾಳಿದವನಿಗೆ ಅದು ಸಾಧನ ಮಾತ್ರವಾಗಿ ಉಳಿಯುವುದಿಲ್ಲ. ಪ್ರೀತಿಯೂ ಹುಟ್ಟುತ್ತದೆ.

ಮನೆಯೊಳಗಿನ ಬಾಳು ಹೇಗಿದ್ದಿತು? ಬಾಸೆಲ್ ಮಿಷನಿನ ಕಟ್ಟಳೆಯಂತೆ ಮಿಷನರಿಯು ಅವಿವಾಹಿತನಾಗಿಯೇ ಬರಬೇಕು. ಎರಡು ವರ್ಷವಾದರೂ ಸೇವೆ ಮಾಡಿದ ಮೇಲೆ, ಬಾಸೆಲಿನ ಸಮಿತಿಯ ಅನುಮತಿಯಿಂದ ಮದುವೆಯಾಗಬೇಕು. ಕನ್ಯೆಯನ್ನು ಅಲ್ಲಿಯೇ ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸುವುದೂ ಉಂಟು. ವರನ ಮುಖವನ್ನು ಕಾಣದೆ, ಕಾಗದದ ಮೇಲಿನ ನಾಲ್ಕು ಮಾತನ್ನು ನಂಬಿ, ತಿಂಗಳುಗಟ್ಟಲೆ ಕಡಲನ್ನು ದಾಟಿ ಬಂದ ಹೆಣ್ಣುಮಕ್ಕಳು ಹಲವರು. ಹಿರಿಯರು ಗೊತ್ತುಮಾಡಿದ ಮದುವೆ ನಮ್ಮವರಿಗೆ ಹೊಸದಲ್ಲ. ಐರೋಪ್ಯರಲ್ಲಿಯೂ ಅದು ಹೀಗೆ ನಡೆಯುತ್ತಿತ್ತೆಂದು ಮಾತ್ರ ನಮಗೆ ತಿಳಿದಿರಲಿಲ್ಲ. ಹೀಗೆ ಬಂದವಳು ಪತ್ನಿ ಮಾತ್ರವಲ್ಲ, ಉಪಾಧ್ಯಾಯಿನಿಯೂ ಹೌದು. ಅವಳಿಗೆ ಬೇರೆ ಸಂಬಳವಿಲ್ಲ. ಹೆಣ್ಣುಮಕ್ಕಳನ್ನು ಗಂಡಸರ ಶಾಲೆಗೆ ಕಳುಹಿಸದ ಸಮಾಜದಲ್ಲಿ ಹೆಣ್ಣುಮಕ್ಕಳ ಶಾಲೆಯು ಅವಳ ಕೈಯಿಂದಲೇ ಆಗಬೇಕಾಗಿತ್ತು. ಬೆಂಗಳೂರಿನಲ್ಲಿಯೂ ಹೀಗೆಯೇ ನಡೆಯಿತು. ಲಂಡನ್ ಮಿಷನಿನ ಸೀವೆಲ್ ಮತ್ತು ರೈಸ್ ಎಂಬವರ ಪತ್ನಿಯರು 1840ರ ದಶಕದ ಆರಂಭದಲ್ಲಿಯೇ ಕನ್ನಡ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದರು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾದುದು 1881ರಲ್ಲಿ ಎಂಬುದನ್ನು ನೆನೆದರೆ, ಆ ಹೆಂಗಸರ ಸಾಹಸದ ಅಳತೆ ತಿಳಿಯುತ್ತದೆ.

ಆದರೆ ಇತರರ ಮಕ್ಕಳಿಗೆ ಪಾಠ ಹೇಳಿದ ಈ ತಾಯಂದಿರು ತಮ್ಮ ಮಕ್ಕಳನ್ನು ಬಳಿಯಲ್ಲಿಟ್ಟುಕೊಳ್ಳಲಿಲ್ಲ. ಇಲ್ಲಿಯ ಹವೆ ಮಕ್ಕಳಿಗೆ ಆಗದು, ಇಲ್ಲಿಯ ನಡೆನುಡಿ ಅವರಿಗೆ ಹತ್ತಬಾರದು ಎಂಬ ಎರಡು ಕಾರಣಗಳಿಂದ ಆರೇಳು ವರ್ಷವಾಗುತ್ತಲೇ ಮಕ್ಕಳನ್ನು ಯೂರೋಪಿಗೆ ಕಳುಹಿಸಿಬಿಡುವುದು ರೂಢಿ. ಅವರಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯೇ ಏರ್ಪಟ್ಟಿತು. ಮಲೆಯಾಳದ ನಿಘಂಟುಕಾರರಾದ ಗುಂಡರ್ಟ್ ಅವರ ಮಗಳು ಮರಿಯ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಯೂರೋಪಿಗೆ ಹೋಗಿ ಅಲ್ಲಿ ಬೆಳೆದು, ತಂದೆತಾಯಿಗಳನ್ನು ಮತ್ತೆ ಸೇರಿದುದು ಹದಿನೈದನೆಯ ವಯಸ್ಸಿನಲ್ಲಿ. ಪ್ರಸಿದ್ಧ ಕಾದಂಬರಿಕಾರ ಹರ್ಮನ್ ಹೆಸ್ಸೆ ಈಕೆಯ ಮಗ. ಬೆಂಗಳೂರಿನ ಬೆಂಜಮಿನ್ ರೈಸ್ ಅವರ ಮಗ ಲೂಯಿ ರೈಸ್ 1837ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಇಲ್ಲಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಮರಳಿದರು. ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಪ್ರಕಟಿಸಿ ನಮ್ಮ ನಾಡಿನ ಚರಿತ್ರೆಗೆ ತಳಹದಿ ಹಾಕಿದವರು ಇವರೇ. ಇವರ ತಂದೆಯಾದರೋ ಐವತ್ತು ವರ್ಷ ಬೆಂಗಳೂರಿನಲ್ಲಿ ಬಾಳಿ 1887ರಲ್ಲಿ ಇಲ್ಲಿಯೇ ಮಣ್ಣಾದರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಅವರ ಹೆಸರನ್ನು ಹೊತ್ತಿದೆ.

ಸಾವು ಈ ಮನೆಗಳ ಹೊಸ್ತಿಲಲ್ಲಿಯೇ ಇದ್ದಿತು. ಮೋಗ್ಲಿಂಗ್ ಅವರ ಬಂಧುವೂ ಸಹೋದ್ಯೋಗಿಯೂ ಆದ ವೈಗ್ಲೆ ಬೈಬಲಿನ ಕನ್ನಡ ತರ್ಜುಮೆಯನ್ನು ತಿದ್ದುತ್ತಿದ್ದಂತೆಯೇ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರ ವಿಧವೆಯನ್ನು ಮೋಗ್ಲಿಂಗ್ ಮದುವೆಯಾದರು. ಕಿಟ್ಟೆಲರ ಮೊದಲ ಪತ್ನಿ ಪಾಲೀನ್ 1860ರಲ್ಲಿ ಮದುವೆಯಾಗಿ 1864ರಲ್ಲಿ ಮಡಿದರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಕಿಟ್ಟೆಲ್ ವಿವಾಹವಾದರು. ಮಡಿದ ಅಕ್ಕನ ಮಕ್ಕಳನ್ನು ಸಾಕುವುದಕ್ಕೆ ತಂಗಿ ಬರುವುದು ನಮ್ಮ ಮನೆಗಳಲ್ಲಿಯೂ ಕಂಡದ್ದೇ. ದೇಶ ಬೇರೆಯಾದರೂ ಸಂಸಾರದ ಕಷ್ಟ ಒಂದೇ ಬಗೆಯದು.

ಇವರ ಇನ್ನೊಂದು ಕಷ್ಟ ತಮ್ಮವರಿಂದಲೇ ಬಂದುದು. ಬಾಸೆಲಿನ ಸಮಿತಿಯು ಕೇಳುತ್ತಿದ್ದ ಪ್ರಶ್ನೆ, ಎಷ್ಟು ಮಂದಿ ಸಭೆಗೆ ಸೇರಿದರು ಎಂಬುದು. ಹಳೆಯ ಓಲೆಗರಿಗಳೊಡನೆ ಹಗಲಿರುಳು ಕಳೆಯುವ ಉಪಾಧ್ಯಾಯನು ಆ ಪ್ರಶ್ನೆಗೆ ಏನೆಂದು ಉತ್ತರ ಕೊಟ್ಟಾನು? 1853ರಲ್ಲಿ ಬಂದ ಕಿಟ್ಟೆಲ್ ಅವರು ಭಾಷಾಭ್ಯಾಸಕ್ಕೆ ಮಿತಿಮೀರಿ ಹೊತ್ತು ಕೊಡುತ್ತಾರೆಂಬ ಆಕ್ಷೇಪಣೆಗೆ ಗುರಿಯಾದರು. 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ಛಂದೋಂಬುಧಿ, 1894ರಲ್ಲಿ ಸುಮಾರು 70,000 ಶಬ್ದಗಳ ಮಹಾಕೋಶ, 1903ರಲ್ಲಿ ವ್ಯಾಕರಣ: ಇವು ಅವರ ದುಡಿಮೆಯ ಫಲ. ಮತಪ್ರಚಾರದ ಲೆಕ್ಕದಲ್ಲಿ ಇವು ಯಾವ ಕಾಲಮಿಗೂ ಸೇರಲಿಲ್ಲ. ಅವರನ್ನು ಕಳುಹಿಸಿದವರ ಉದ್ದೇಶದಲ್ಲಿ ಇಲ್ಲದುದೇ ಅವರ ಹೆಸರನ್ನು ಉಳಿಸಿತು.

ಮೋಗ್ಲಿಂಗ್ ಅವರು 1853ರಲ್ಲಿ ಕೊಡಗಿಗೆ ಹೋಗಿ ಆನಂದಪುರದಲ್ಲಿ ಹೊಲೆಯರ ನಡುವೆ ಕೆಲಸ ಮಾಡಿದರು. ಕೊಡಗಿನ ಚರಿತ್ರೆಯನ್ನು 1855ರಲ್ಲಿ ಪ್ರಕಟಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ನೀಡಿತು. 1860ರಲ್ಲಿ ಅವರು ಸ್ವದೇಶಕ್ಕೆ ಹೋದರು, ಮತ್ತೆ ಬರಲಾಗಲಿಲ್ಲ. 1881ರಲ್ಲಿ ತೀರಿಕೊಳ್ಳುವ ವರೆಗೂ ಕನ್ನಡದ ಹಂಬಲವನ್ನು ಬಿಡಲಿಲ್ಲ. ಕಿಟ್ಟೆಲರ ಕೋಶದ ಕಾರ್ಯಕ್ಕೆ ಅಲ್ಲಿಂದಲೇ ಬೆಂಬಲವನ್ನು ದೊರಕಿಸಿದರು.

ಇವರನ್ನು ನಾವು ಹೇಗೆ ಎಣಿಸಬೇಕು? ನಮ್ಮ ದೇವರುಗಳ ವಿಷಯದಲ್ಲಿ ಇವರು ಬರೆದ ಕಟುವಾದ ಮಾತುಗಳು ಅಚ್ಚಿನಲ್ಲಿವೆ; ಅವನ್ನು ಮುಚ್ಚಿಡುವ ಅಗತ್ಯವಿಲ್ಲ. ಒಡೆದ ಮನೆಗಳೂ ಉಂಟು. ಅದೇ ಕೈಗಳು ನಮ್ಮ ಕಾವ್ಯಗಳನ್ನು ಗೆದ್ದಲಿನಿಂದ ಉಳಿಸಿ, ಅಕ್ಷರವನ್ನು ಕಾಣದಿದ್ದ ಮನೆಗಳಿಗೆ ಅಕ್ಷರವನ್ನು ಒಯ್ದುವೆಂಬುದೂ ಸತ್ಯ. ಒಂದರಿಂದ ಇನ್ನೊಂದನ್ನು ಕಳೆದು ಶೇಷವನ್ನು ತೆಗೆಯುವುದು ಚರಿತ್ರೆಯ ಲೆಕ್ಕವಲ್ಲ; ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಡುವುದೇ ಅದರ ಕ್ರಮ. ಕಲಿಸಬಂದವರು ಕಲಿತರು, ಬದಲಾಯಿಸಬಂದವರು ತಾವೂ ಬದಲಾದರು. ಮುನ್ಷಿಯ ಎದುರಿಗೆ ಕುಳಿತು ‘ಅ ಆ’ ತಿದ್ದಿದ ಆ ಮೊದಲಿನ ತಿಂಗಳುಗಳೇ ಅವರ ಬಾಳಿನಲ್ಲಿ ಹೆಚ್ಚು ಫಲ ಕೊಟ್ಟ ಕಾಲವೆಂದು ನನಗೆ ತೋರುತ್ತದೆ. ಇಂದು ನಮ್ಮ ಊರಿಗೆ ಬಂದು ನೆಲಸುವ ಪರಸ್ಥಳದವರಿಗೂ, ಪರಸ್ಥಳಕ್ಕೆ ಹೋಗಿ ನೆಲಸುವ ನಮ್ಮವರಿಗೂ ಈ ಒಂದು ಪಾಠವನ್ನು ಅವರಿಂದ ಧಾರಾಳವಾಗಿ ಕಲಿಯಬಹುದಾಗಿದೆ.